ಆರ್‌ಎಕ್ಸ್100 ಬ್ಲಾಕ್: ಎಕ್ಸಾಸ್ಟ್ ಪೋರ್ಟ್ ಮಿತಿ ಮೀರಿ ಮೇಲೆ ಹೋಗಿದೆ, ಟ್ರಾನ್ಸ್‌ಫರ್ ಗೋಡೆ ತೂತಾಗಿದೆ. ವೆಲ್ಡ್ ಮಾಡಿಸೋದಾ, ಲೈನರ್ ಬದಲಿಸೋದಾ?

ರಿಂಗ್‌ಡಿಂಗ್_ಹಾಸನ

ಎಲ್ಲರಿಗೂ ನಮಸ್ಕಾರ. ಡರ್ಟ್ ಟ್ರ್ಯಾಕ್ ಗಾಡಿಗೆ ಅಂತ ಒಂದು ಹಳೇ ಯಮಹಾ ಆರ್‌ಎಕ್ಸ್100 (ಟೂ-ಸ್ಟ್ರೋಕ್ ಬೈಕ್) ಬ್ಲಾಕ್, ಅಂದರೆ ಸಿಲಿಂಡರ್, ತಗೊಂಡೆ. ಒರಿಜಿನಲ್ ಎರಕ, ಫಿನ್ ಒಂದೂ ಮುರಿದಿಲ್ಲ, ಬೋರ್ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಆದರೆ ಹಿಂದಿನವರು ಯಾರೋ ಪೋರ್ಟಿಂಗ್ (ಅನಿಲ ಓಡಾಡೋ ಕಿಂಡಿಗಳನ್ನು ಕೊರೆದು ದೊಡ್ಡದು ಮಾಡೋದು) ಮಾಡಿಬಿಟ್ಟಿದ್ದಾರೆ. ಅಳತೆ ಹೀಗಿದೆ:

ಬೋರ್ 50, ಸ್ಟ್ರೋಕ್ 50. ಲೆಕ್ಕಕ್ಕೆ ಕನೆಕ್ಟಿಂಗ್ ರಾಡ್ 100 ಮಿ.ಮೀ. ಅಂತ ಹಿಡಿದಿದ್ದೇನೆ. ಟಿಡಿಸಿಯಲ್ಲಿ (ಪಿಸ್ಟನ್ ಅತಿ ಮೇಲಿರುವಾಗ) ಪಿಸ್ಟನ್ ಅಂಚು ಬ್ಲಾಕ್ ಮೇಲ್ಮೈಗೆ ಸಮ. ಅಲ್ಲಿಂದ ಎಕ್ಸಾಸ್ಟ್ ಪೋರ್ಟಿನ ಮೇಲಂಚು 24.6 ಮಿ.ಮೀ., ಟ್ರಾನ್ಸ್‌ಫರ್ (ಕ್ರ್ಯಾಂಕ್‌ಕೇಸ್‌ನಿಂದ ಹೊಸ ಮಿಶ್ರಣ ಸಿಲಿಂಡರ್‌ಗೆ ಬರೋ ಪೋರ್ಟ್) ಮೇಲಂಚು 39.3 ಮಿ.ಮೀ. ಎಕ್ಸಾಸ್ಟ್ ಅಗಲ 32. ಇದರ ಜೊತೆಗೆ ಎಡಗಡೆ ಟ್ರಾನ್ಸ್‌ಫರ್ ದಾರಿಯನ್ನು ಒಳಗಿನಿಂದ ಕೊರೆದು ಕೊರೆದು ಹೊರಗೋಡೆ ತೂತಾಗಿದೆ. ಸುಮಾರು 6 ಮಿ.ಮೀ. ತೂತು, ಅದನ್ನು ಎಪಾಕ್ಸಿ ಹಾಕಿ ಮುಚ್ಚಿದ್ದಾರೆ.

ನನ್ನ ಪ್ರಶ್ನೆ: ಎಕ್ಸಾಸ್ಟ್ ಮೇಲಂಚನ್ನು ವೆಲ್ಡ್ ತುಂಬಿ ಕೆಳಗೆ ತರಬಹುದಾ? ಇಲ್ಲ ಬ್ಲಾಕ್ ಬುಡವನ್ನು ಲೇಥ್‌ನಲ್ಲಿ 1.5 ಮಿ.ಮೀ. ಕೆತ್ತಿಸಿದರೆ ಸಾಕಾ? ಸಣ್ಣ ಟ್ರ್ಯಾಕ್, ತಿರುವು ಜಾಸ್ತಿ. 9000 ಆರ್‌ಪಿಎಂ ಒಳಗೇ ಪವರ್ ಸಿಗಬೇಕು. ಎಕ್ಸ್‌ಪಾನ್ಷನ್ ಚೇಂಬರ್ (ಟೂ-ಸ್ಟ್ರೋಕ್ ರೇಸ್ ಸೈಲೆನ್ಸರ್) ಮಾಡಿಸುವ ಉದ್ದೇಶ ಇದೆ.

ಲೇಥ್‌ಮನೆ

ಅಳತೆ ಹಾಕಿ ಕೇಳಿದ್ದು ಒಳ್ಳೆಯದಾಯಿತು. ಮೊದಲು ಈ ಮಿಲಿಮೀಟರುಗಳನ್ನು ಡಿಗ್ರಿಗೆ ತಿರುಗಿಸೋಣ, ಆಗ ರೋಗ ತಾನಾಗಿ ಕಾಣುತ್ತದೆ.

24.6 ಅಂದರೆ ಕ್ರ್ಯಾಂಕ್‌ನ ಒಂದು ಸುತ್ತಿನಲ್ಲಿ ಎಕ್ಸಾಸ್ಟ್ 196 ಡಿಗ್ರಿ ತೆರೆದಿರುತ್ತದೆ. 39.3 ಅಂದರೆ ಟ್ರಾನ್ಸ್‌ಫರ್ 123 ಡಿಗ್ರಿ. ಎರಡರ ವ್ಯತ್ಯಾಸದ ಅರ್ಧ ಬ್ಲೋಡೌನ್ (ಟ್ರಾನ್ಸ್‌ಫರ್ ತೆರೆಯುವ ಮೊದಲು ಎಕ್ಸಾಸ್ಟ್ ಒಂದೇ ತೆರೆದಿರುವ ಅವಧಿ): 36 ಡಿಗ್ರಿಗೂ ಮೇಲೆ. ಎಕ್ಸಾಸ್ಟ್ ತೀರಾ ಬೇಗ ತೆರೆದು, ಪಿಸ್ಟನ್ನನ್ನು ಇನ್ನೂ ತಳ್ಳಬೇಕಾದ ಒತ್ತಡ ಸೈಲೆನ್ಸರ್‌ಗೆ ಹೋಗುತ್ತಿದೆ. ಅಷ್ಟು ಎತ್ತರದ ಎಕ್ಸಾಸ್ಟ್ ಉಪಯೋಗಕ್ಕೆ ಬರುವುದು 10,000 ದಾಟಿದ ಮೇಲೆ. ಆದರೆ 123ರ ಟ್ರಾನ್ಸ್‌ಫರ್ ಅಷ್ಟು ವೇಗದಲ್ಲಿ ಸಿಲಿಂಡರ್ ತುಂಬಿಸಲಾರದು. ಕೆಳಗೂ ಎಳೆಯಲ್ಲ, ಮೇಲೂ ಓಡಲ್ಲ. ಎಕ್ಸಾಸ್ಟ್ ಒಂದನ್ನೇ ಎತ್ತಿ ಬಿಡುವ ಪೋರ್ಟಿಂಗಿನ ಫಲ ಯಾವಾಗಲೂ ಇದೇ. ಶಬ್ದ ಮಾತ್ರ ಜೋರಾಗುತ್ತದೆ.

ನಿಮ್ಮ ಟ್ರ್ಯಾಕ್‌ಗೆ ನಾನು ಗುರಿ ಇಡುವುದು ಎಕ್ಸಾಸ್ಟ್ 186, ಟ್ರಾನ್ಸ್‌ಫರ್ 126, ಬ್ಲೋಡೌನ್ 30. ನಿಮ್ಮ ಸ್ಟ್ರೋಕ್ ಮತ್ತು 100 ರಾಡ್‌ಗೆ ಮೇಲ್ಮೈಯಿಂದ ಎಕ್ಸಾಸ್ಟ್ 26.85, ಟ್ರಾನ್ಸ್‌ಫರ್ 38.85. ಸರಿಯಾಗಿ 12 ಮಿ.ಮೀ. ಅಂತರ, ನೆನಪಿಡಲು ಸುಲಭ.

ಲೆಕ್ಕ ಮಾಡುವ ರೀತಿ: ಅರ್ಧ ಸ್ಟ್ರೋಕ್ 25, ರಾಡ್ 100. ಟಿಡಿಸಿಯಿಂದ ಪಿಸ್ಟನ್ ಇಳಿದ ದೂರ = 125 ಕಳೆ (25 × ಕೋನದ ಕೊಸೈನ್), ಕಳೆ (100ರ ವರ್ಗದಿಂದ, 25 × ಸೈನ್ ಗುಣಿಸಿ ಬಂದದ್ದರ ವರ್ಗ ಕಳೆದು ಉಳಿದದ್ದರ ವರ್ಗಮೂಲ). ಕೋನ ಅಂದರೆ 180ರಿಂದ ಪೋರ್ಟ್ ಡಿಗ್ರಿಯ ಅರ್ಧ ಕಳೆದದ್ದು; 186ಕ್ಕೆ 87 ಡಿಗ್ರಿ. ರಾಡನ್ನು ಅಳೆದೇ ಹಾಕಿ, ಆದರೆ ಅದರಲ್ಲಿ 5 ಮಿ.ಮೀ. ವ್ಯತ್ಯಾಸ ಬಂದರೂ ಪೋರ್ಟ್‌ನಲ್ಲಿ ಒಂದು ಡಿಗ್ರಿ ಕೂಡ ಬದಲಾಗುವುದಿಲ್ಲ. ಅದಕ್ಕಿಂತ ಮುಖ್ಯ ನೀವು ಅಳೆಯುವ ಜಾಗ: ಪಿಸ್ಟನ್ ತಲೆ ಉಬ್ಬಿರುತ್ತದೆ, ಆದ್ದರಿಂದ ಯಾವಾಗಲೂ ಅಂಚಿನಿಂದ ಅಳೆಯಿರಿ. ಕೊನೆಯ ಮಾತು ಕ್ರ್ಯಾಂಕ್ ತುದಿಗೆ ಕಟ್ಟಿದ ಡಿಗ್ರಿ ಚಕ್ರದ್ದು. ಟಿಡಿಸಿಯನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ ಎರಡೂ ಕಡೆಯಿಂದ ತಿರುಗಿಸಿ ನಡುವಿನದನ್ನು ತಗೊಳ್ಳಿ.

ಎಕ್ಸಾಸ್ಟ್ ಕಡೆ 1 ಮಿ.ಮೀ.ಗೆ ಸುಮಾರು ನಾಲ್ಕೂವರೆ ಡಿಗ್ರಿ, ಟ್ರಾನ್ಸ್‌ಫರ್ ಕಡೆ 1 ಮಿ.ಮೀ.ಗೆ 6 ಡಿಗ್ರಿ. ಟ್ರಾನ್ಸ್‌ಫರ್‌ನಲ್ಲಿ ಕೈ ಜಾರಿದರೆ ಜಾಸ್ತಿ ನಷ್ಟ ಅನ್ನುವುದು ಇದಕ್ಕೇ.

ಬುಡ ಕೆತ್ತುವ ವಿಚಾರ. 1.5 ತೆಗೆದರೆ ಎಕ್ಸಾಸ್ಟ್ 26.1ಕ್ಕೆ ಬಂದು 189 ಆಗುತ್ತದೆ. ಚೆನ್ನಾಗಿ ಕಾಣುತ್ತದೆ. ಆದರೆ ಟ್ರಾನ್ಸ್‌ಫರ್ 40.8ಕ್ಕೆ ಇಳಿದು 114 ಆಗುತ್ತದೆ, ಅದನ್ನು ಮತ್ತೆ 2 ಮಿ.ಮೀ. ಎತ್ತಬೇಕು. ಪಿಸ್ಟನ್ ಟಿಡಿಸಿಯಲ್ಲಿ ಮೇಲ್ಮೈಯಿಂದ 1.5 ಹೊರಗೆ ಬರುತ್ತದೆ. ಹೆಡ್ಡನ್ನು ಅಷ್ಟು ಕೊರೆಯಬೇಕು, ಮೇಲಿನ ರಿಂಗ್ ಲೈನರ್ (ಬ್ಲಾಕ್ ಒಳಗಿನ ಎರಕದ ಕಬ್ಬಿಣದ ಕೊಳವೆ) ಅಂಚಿಗೆ ಎಷ್ಟು ಹತ್ತಿರ ಬಂತು ನೋಡಬೇಕು. ಎಲ್ಲರೂ ಮರೆಯುವುದು ಇನ್ನೊಂದನ್ನು: ಬ್ಲಾಕ್ ಇಳಿದಾಗ ಎಕ್ಸಾಸ್ಟ್ ಪೋರ್ಟಿನ ಕೆಳಂಚೂ ಇಳಿಯುತ್ತದೆ. ಟಿಡಿಸಿಯಲ್ಲಿ ಪಿಸ್ಟನ್ ಸ್ಕರ್ಟ್ ಆ ಕೆಳಂಚನ್ನು ಮುಚ್ಚದೇ ಹೋದರೆ ಕ್ರ್ಯಾಂಕ್‌ಕೇಸ್ ನೇರವಾಗಿ ಸೈಲೆನ್ಸರ್‌ಗೆ ತೆರೆದುಕೊಳ್ಳುತ್ತದೆ. ಹಾಗಾದರೆ ಕಾರ್ಬ್ಯುರೇಟರ್‌ನಲ್ಲಿ ಎಷ್ಟು ಜೆಟ್ (ಇಂಧನದ ರಂಧ್ರ) ಬದಲಿಸಿದರೂ ಟ್ಯೂನಿಂಗ್ ಸರಿಹೋಗದು.

ತೂತು ಹೇಗಿದ್ದರೂ ವೆಲ್ಡ್ ಆಗಲೇಬೇಕು. ವೆಲ್ಡ್ ಆಗಬೇಕಾದರೆ ಲೈನರ್ ಹೊರಗೆ ಬರಬೇಕು. ಲೈನರ್ ಹೊರಗೆ ಬಂದ ಮೇಲೆ ಹಾಳಾದ ಅದನ್ನೇ ವಾಪಸ್ ಹಾಕುವುದರಲ್ಲಿ ಅರ್ಥವಿಲ್ಲ. ಹೊಸ ಲೈನರ್ ಹಾಕಿ, ಪೋರ್ಟನ್ನು ಲೆಕ್ಕದ ಪ್ರಕಾರ ಹೊಸದಾಗಿ ಕೊರೆಯಿರಿ.

2ಟಿ_ಮೈಸೂರು

ಲೈನರ್ ತೆಗೆಯೋ ರಾಮಾಯಣ ಯಾಕೆ ಸರ್? ಎರಕದ ಕಬ್ಬಿಣಕ್ಕೆ ನಿಕಲ್ ರಾಡ್ ಇದೆಯಲ್ಲ. ಎಕ್ಸಾಸ್ಟ್ ಮೇಲಂಚಿಗೆ 2 ಮಿ.ಮೀ. ತುಂಬಿ, ರೀ-ಬೋರ್ ಮಾಡಿಸಿ 0.50 ಓವರ್‌ಸೈಜ್ ಪಿಸ್ಟನ್ ಹಾಕಿದರೆ ಆಯ್ತು. ಹಿತ್ತಾಳೆಯಲ್ಲಿ ಬ್ರೇಜಿಂಗ್ ಮಾಡಿದ್ದನ್ನೂ ಕೇಳಿದ್ದೀನಿ. ಹೊಸ ಲೈನರ್, ಅದನ್ನು ಕೂರಿಸೋದು, ಬೋರಿಂಗ್, ಹೋನಿಂಗ್ (ಕಲ್ಲಿನಿಂದ ಬೋರ್ ಉಜ್ಜಿ ನಯ ಮಾಡೋದು) ಎಲ್ಲಾ ಸೇರಿದರೆ ಖರ್ಚು ಎಲ್ಲಿಗೋ ಹೋಗುತ್ತೆ.

ಆರ್ಗಾನ್_ಪೀಣ್ಯ

2ಟಿ ಅವರೇ, ದಯವಿಟ್ಟು ಇದನ್ನು ಯಾರಿಗೂ ಹೇಳ್ಬೇಡಿ. ಎಕ್ಸಾಸ್ಟ್ ಮೇಲಂಚು ಇಡೀ ಲೈನರ್‌ನಲ್ಲೇ ಅತಿ ಹೆಚ್ಚು ಕಾದಿರೋ ಜಾಗ. ರಿಂಗ್ ಪ್ರತಿ ಸುತ್ತಿಗೂ ಅದರ ಮೇಲೆ ಹಾದುಹೋಗುತ್ತೆ. ತೆಳು ಎರಕದ ಕಬ್ಬಿಣಕ್ಕೆ ವೆಲ್ಡ್ ಮುಟ್ಟಿಸಿದ ತಕ್ಷಣ ಪಕ್ಕದ ಪಟ್ಟಿ ಬೇಗ ತಣ್ಣಗಾಗಿ ಬಿಳಿ ಕಬ್ಬಿಣ ಆಗುತ್ತೆ, ಗಾಜಿನ ಹಾಗೆ ಗಟ್ಟಿ ಮತ್ತು ಪೆಡಸು. ನಿಕಲ್ ತುಂಬಿದ ಭಾಗ ಮೆತ್ತಗೆ, ಅದರ ಅಂಚು ಗಟ್ಟಿ. ಬೋರಿಂಗ್ ಬಾರ್ ಅಲ್ಲಿ ಹಾರುತ್ತೆ, ಹೋನಿಂಗ್ ಆದಮೇಲೂ ಗಟ್ಟಿ ಗೆರೆ ಎದ್ದು ನಿಲ್ಲುತ್ತೆ. ಓಡಿದ ಮೇಲೆ ಅದೇ ಗೆರೆಯಲ್ಲಿ ಬಿರುಕು ಬಿಟ್ಟು ಚೂರು ಕಿತ್ತು ಬಂದರೆ ರಿಂಗ್ ಸಿಕ್ಕಿಹಾಕಿಕೊಂಡು ಪಿಸ್ಟನ್ ಪುಡಿ. ಬ್ರೇಜಿಂಗ್ ಇನ್ನೂ ಕೆಟ್ಟದ್ದು. ಹಿತ್ತಾಳೆ ಮೇಲೆ ರಿಂಗ್ ಉಜ್ಜಬಾರದು. ಉಳಿಸಿದ ದುಡ್ಡು ಒಂದು ಕ್ರ್ಯಾಂಕ್‌ಗೂ ಸಾಲಲ್ಲ.

ವೆಲ್ಡ್ ಹಾಕೋದು ಅಲ್ಯೂಮಿನಿಯಂಗೆ. ಅದು ಚೆನ್ನಾಗಿ ಹಿಡಿಯುತ್ತೆ, ಕ್ರಮ ತಪ್ಪದೇ ಇದ್ದರೆ.

ಲೈನರ್ ಇಟ್ಟುಕೊಂಡೇ ವೆಲ್ಡ್ ಮಾಡ್ಬಾರದು ಅನ್ನೋದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಹೊರವ್ಯಾಸ 60 ಇರೋ ಲೈನರ್ 0.07 ಬಿಗಿತದಲ್ಲಿ ಕೂತಿದ್ದರೆ, ಎರಡೂ 125 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗಲೇ ಬಿಗಿತ ಮುಗಿಯುತ್ತೆ. ವೆಲ್ಡಿಂಗ್‌ನಲ್ಲಿ ಬ್ಲಾಕ್ 200 ದಾಟೇ ದಾಟುತ್ತೆ. ಲೈನರ್ ಸಡಿಲ ಆಗಿ ಅರ್ಧ ಡಿಗ್ರಿ ತಿರುಗಿದರೂ, ಅರ್ಧ ಮಿ.ಮೀ. ಇಳಿದರೂ ತಣ್ಣಗಾದಮೇಲೆ ಅಲ್ಲೇ ಕಚ್ಚಿಕೊಳ್ಳುತ್ತೆ. ಪೋರ್ಟ್ ಕಿಟಕಿಗೂ ಬ್ಲಾಕ್ ದಾರಿಗೂ ಮೆಟ್ಟಿಲು ಬಿತ್ತು ಅಂತ ಆಗ ಗೊತ್ತಾಗುತ್ತೆ.

ಕೆಲಸದ ಕ್ರಮ ಹೇಳ್ತೀನಿ. ತೆಗೆಯೋ ಮೊದಲು ಲೈನರ್ ಕಾಲರ್ ಮೇಲೆ ಮತ್ತು ಬ್ಲಾಕ್ ಮೇಲೆ ಎಕ್ಸಾಸ್ಟ್ ನಡುಗೆರೆ ಕೊರೆದು ಗುರುತು ಹಾಕಿ. ಎಪಾಕ್ಸಿಯನ್ನು ಪೂರ್ತಿ ಕೆತ್ತಿ ತೆಗೀರಿ, ಒಂದು ಚೂರು ಉಳಿದರೂ ವೆಲ್ಡ್ ಗುಳ್ಳೆ ಏಳುತ್ತೆ. ಬ್ಲಾಕನ್ನು ಓವನ್‌ನಲ್ಲಿ 220ರ ಸುತ್ತ ಬಿಸಿ ಮಾಡಿ ತಲೆಕೆಳಗೆ ಹಿಡಿದರೆ ಲೈನರ್ ಸಾಮಾನ್ಯವಾಗಿ ತಾನೇ ಬೀಳುತ್ತೆ, ಇಲ್ಲಾಂದ್ರೆ ಮರದ ತುಂಡಿಟ್ಟು ತಟ್ಟಿ. ಗ್ಯಾಸ್ ಟಾರ್ಚ್ ಬೇಡ, ಒಂದೇ ಕಡೆ ಕಾದು ಬ್ಲಾಕ್ ಸೊಟ್ಟಗಾಗುತ್ತೆ. ಆಮೇಲೂ ಒಂದು ಗಂಟೆ 200 ಡಿಗ್ರಿಯಲ್ಲಿ ಬಿಟ್ಟರೆ ಎರಕದ ರಂಧ್ರಗಳಲ್ಲಿ ಕೂತ ಹಳೇ 2ಟಿ (ಟೂ-ಸ್ಟ್ರೋಕ್) ಆಯಿಲ್ ಬೆವರಿ ಹೊರಗೆ ಬರುತ್ತೆ. ಅಸಿಟೋನ್‌ನಲ್ಲಿ ಒರೆಸಿ, ಅಲ್ಯೂಮಿನಿಯಂಗೆ ಮಾತ್ರ ಇಟ್ಟ ಸ್ಟೇನ್‌ಲೆಸ್ ಬ್ರಷ್‌ನಲ್ಲಿ ಉಜ್ಜಿ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಹಾಕಿದ ಜಾಗಕ್ಕೆ ಆರ್ಕ್ ಹೊಡೆಯಲೇಬೇಡಿ, ಹುಟ್ಟೋ ಫಾಸ್ಜೀನ್ ವಿಷಾನಿಲ ಜೀವ ತೆಗೆಯುತ್ತೆ.

ತೂತಿನ ಅಂಚನ್ನು ಗಟ್ಟಿ ಲೋಹ ಸಿಗೋವರೆಗೂ ವಿ ಆಕಾರಕ್ಕೆ ಕೊರೆದು, ಒಳಗಡೆಯಿಂದ ತಾಮ್ರದ ಪಟ್ಟಿ ಒತ್ತಿಡಿ. ಬುಡವನ್ನು ದಪ್ಪ ಉಕ್ಕಿನ ಪ್ಲೇಟ್‌ಗೆ ಬೋಲ್ಟ್ ಮಾಡಿ. ಪೂರ್ವತಾಪ 150ರಿಂದ 200. ಟಿಗ್ ಮಷಿನ್ ಎಸಿಯಲ್ಲಿ, 2.4 ಟಂಗ್‌ಸ್ಟನ್, ಇಆರ್4043 ಫಿಲ್ಲರ್, ಆರ್ಗಾನ್ ನಿಮಿಷಕ್ಕೆ 8ರಿಂದ 12 ಲೀಟರ್. 4 ಮಿ.ಮೀ. ಗೋಡೆಗೆ 140ರಿಂದ 170 ಆಂಪಿಯರ್. ಮೊದಲ ಸುತ್ತಿನಲ್ಲಿ ಕಪ್ಪು ಕೊಳೆ ತೇಲಿ ಬಂದರೆ ಮುಂದುವರಿಸಬೇಡಿ, ಕೊರೆದು ತೆಗೆದು ಮತ್ತೆ ಹಾಕಿ. ಚಿಕ್ಕ ಚಿಕ್ಕ ಓಟ, ನಡುವೆ ಬಿಡುವು. ಮುಗಿದ ಮೇಲೆ ಒಣ ಮರಳಿನಲ್ಲಿ ಹೂತು ನಿಧಾನ ತಣಿಸಿ.

ತೂತು ಮುಚ್ಚೋದಷ್ಟೇ ಅಲ್ಲ, ಎರಡೂ ಕಡೆ ಟ್ರಾನ್ಸ್‌ಫರ್ ಹೊರಗೋಡೆಗೆ 4–5 ಮಿ.ಮೀ. ಮೆಟೀರಿಯಲ್ ಈಗಲೇ ಕಟ್ಟಿಸಿಕೊಳ್ಳಿ. ವೆಲ್ಡಿಂಗ್‌ನಿಂದ ಪವರ್ ಸಿಗೋ ದಾರಿ ಇದೇ: ಮೊದಲು ಹೊರಗೆ ದಪ್ಪ ಮಾಡೋದು, ಆಮೇಲೆ ಒಳಗೆ ಅಗಲ ಮಾಡೋದು. ಹಿಂದಿನವರು ದಪ್ಪ ಮಾಡದೇ ಅಗಲ ಮಾಡಿದ್ದರಿಂದಲೇ ಅದು ತೂತಾಗಿರೋದು.

ಲೇಥ್‌ಮನೆ

ಪೀಣ್ಯದವರು ಹೇಳಿದ್ದಕ್ಕೆ ಮಷಿನಿಂಗ್ ಭಾಗ ಸೇರಿಸುತ್ತೇನೆ. ವೆಲ್ಡ್ ಆದ ಮೇಲೆ ಬ್ಲಾಕಿನ ಒಳವ್ಯಾಸ ಗುಂಡಾಗಿ ಉಳಿದಿರುವುದಿಲ್ಲ. ಹಾಗಾಗಿ ಲೈನರ್ ಕೂರುವ ಅಲ್ಯೂಮಿನಿಯಂ ಬೋರನ್ನು ಮೊದಲು ಕೆತ್ತಿ ಗುಂಡು ಮಾಡಿ, ಅದರ ಅಳತೆ ನೋಡಿಕೊಂಡು ಲೈನರ್ ಹೊರಮೈಯನ್ನು 0.05ರಿಂದ 0.07 ದೊಡ್ಡದಾಗಿ ತಿರುಗಿಸಬೇಕು. ಲೈನರ್ ಮೊದಲು ತಂದು ಆಮೇಲೆ ಬ್ಲಾಕ್ ಅಳೆಯುವುದು ತಲೆಕೆಳಗಾದ ಕ್ರಮ. ಬ್ಲಾಕ್ 200–220ರಲ್ಲಿ, ಲೈನರ್ ಫ್ರೀಜರ್‌ನಲ್ಲಿ. ಗುರುತಿಗೆ ಗುರುತು ಸೇರಿಸಿ ಒಂದೇ ಸಲಕ್ಕೆ ಇಳಿಸಿ; ತಣ್ಣಗಾಗುವವರೆಗೂ ಕಾಲರ್ ಮೇಲೆ ಭಾರ ಇರಲಿ, ಇಲ್ಲದಿದ್ದರೆ ಅದು ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತದೆ. ಬುಡ ಮತ್ತು ಮೇಲ್ಮೈಯನ್ನು ಬೋರ್‌ಗೆ ಲಂಬವಾಗಿ ಒಂದು ಸಣ್ಣ ಕಟ್ ತಗೊಳ್ಳಿ. ಆಮೇಲೆ ಬೋರಿಂಗ್, ಆಮೇಲೆ ಪೋರ್ಟ್, ಕೊನೆಗೆ ಹೋನಿಂಗ್.

ಪೋರ್ಟ್ ಕೊರೆಯುವಾಗ ಲೈನರ್‌ಗೆ ಡಬಲ್ ಕಟ್ ಕಾರ್ಬೈಡ್ ಬರ್, ಅಲ್ಯೂಮಿನಿಯಂಗೆ ಅಗಲ ಹಲ್ಲಿನ ಸಿಂಗಲ್ ಕಟ್. ಅಲ್ಯೂಮಿನಿಯಂ ಹಲ್ಲಿಗೆ ಮೆತ್ತದಂತೆ ಆಗಾಗ ಸೀಮೆಎಣ್ಣೆ ಅಥವಾ ಮೇಣ. ಎಕ್ಸಾಸ್ಟ್ ಅಗಲ ಈಗಿರುವ 32ನ್ನೇ ಇಟ್ಟುಕೊಳ್ಳಿ; ಬೋರ್‌ನ ಶೇ. 64. ಶೇ. 70 ದಾಟಿದರೆ ರಿಂಗ್ ಪೋರ್ಟ್ ಒಳಗೆ ಉಬ್ಬಿ ಅಂಚಿಗೆ ಬಡಿಯುತ್ತದೆ. ಮೇಲಂಚು ನೇರ ಗೆರೆ ಬೇಡ, ಕಮಾನು ಇರಲಿ, ಮೂಲೆಗೆ 5 ಮಿ.ಮೀ.ಗೆ ಕಡಿಮೆಯಿಲ್ಲದ ತ್ರಿಜ್ಯ. ಕೆಳಂಚು ಬಿಡಿಸಿಯಲ್ಲಿ (ಪಿಸ್ಟನ್ ಅತಿ ಕೆಳಗಿರುವಾಗ) ಪಿಸ್ಟನ್ ಅಂಚಿಗೆ ಸಮ. ಎಕ್ಸಾಸ್ಟ್ ಹೊರದಾರಿಯನ್ನು ದೊಡ್ಡದು ಮಾಡಬೇಡಿ, ಲೈನರ್ ಮತ್ತು ಅಲ್ಯೂಮಿನಿಯಂ ಸೇರುವ ಮೆಟ್ಟಿಲನ್ನು ಮಾತ್ರ ನಯ ಮಾಡಿ. ಅಲ್ಲಿ ಅನಿಲದ ವೇಗ ಉಳಿಯಬೇಕು.

ಟ್ರಾನ್ಸ್‌ಫರ್‌ನಲ್ಲಿ ದಿಕ್ಕೇ ಎಲ್ಲ. ಎರಡೂ ಕಡೆಯ ಧಾರೆ ಎಕ್ಸಾಸ್ಟ್‌ಗೆ ಬೆನ್ನು ಮಾಡಿ ಹಿಂಗೋಡೆಯ ಕಡೆ ಹೋಗಿ ಸೇರಬೇಕು. ಎಕ್ಸಾಸ್ಟ್ ಪಕ್ಕದ ಅಂಚನ್ನು ಮುಟ್ಟಬೇಡಿ. ನಡುವಿನ ಪಟ್ಟಿ 8 ಮಿ.ಮೀ. ಆದರೂ ಉಳಿದಿರಲಿ. ಅಗಲ ಮಾಡುವುದಿದ್ದರೆ ಹಿಂದಿನ ಅಂಚಿನಲ್ಲಿ. ಎಡ ಬಲ ಎರಡರ ಎತ್ತರವೂ 0.2 ಮಿ.ಮೀ. ಒಳಗೆ ಸಮ ಇರಬೇಕು. ಒಂದು ಬೇಗ ತೆರೆದರೆ ಅದರ ಧಾರೆ ಎದುರು ಗೋಡೆಗೆ ಬಡಿದು ನೇರ ಎಕ್ಸಾಸ್ಟ್‌ಗೆ ಸೇರುತ್ತದೆ. ಕನ್ನಡಿಯಂತೆ ಪಾಲಿಶ್ ಮಾಡುವುದು ಬೇಕಿಲ್ಲ, 80–120 ನಂಬರ್ ಪೇಪರ್ ಸಾಕು.

ಎಲ್ಲ ಪೋರ್ಟ್ ಅಂಚಿಗೂ ಅರ್ಧ ಮಿ.ಮೀ. ಚಾಂಫರ್ (ಚೂಪು ತೆಗೆಯುವ ಇಳಿಜಾರು). ಇದನ್ನು ಬಿಟ್ಟರೆ ಹೊಸ ರಿಂಗ್ ಮೊದಲ ದಿನವೇ ಹೋಗುತ್ತದೆ. ಪಿಸ್ಟನ್ ಬದಲಿಸಿದರೆ ರಿಂಗ್ ಪಿನ್ (ರಿಂಗ್ ತಿರುಗದಂತೆ ತಡೆಯುವ ಸಣ್ಣ ಗೂಟ) ಯಾವ ಪೋರ್ಟಿನ ಕಿಟಕಿಯ ಮೇಲೂ ಹಾದು ಹೋಗುತ್ತಿಲ್ಲ ಅಂತ ಕೈಯಿಂದ ತಿರುಗಿಸಿ ನೋಡಿ. ಹೋನಿಂಗ್ ಆದ ಮೇಲೆ ಬಿಸಿನೀರು ಸೋಪಿನಲ್ಲಿ, ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗೇ ಬರುವವರೆಗೂ ತೊಳೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದರೆ ಕಲ್ಲಿನ ಪುಡಿ ಗೆರೆಯೊಳಗೇ ಉಳಿಯುತ್ತದೆ.

ರಿಂಗ್‌ಡಿಂಗ್_ಹಾಸನ

ತುಂಬಾ ಉಪಕಾರ ಆಯ್ತು ಸರ್. ಲೈನರ್ ಬದಲಿಸೋದೇ ಸರಿ. ಇನ್ನೆರಡು ಪ್ರಶ್ನೆ. ಹೆಡ್‌ಗೂ ಅಲ್ಯೂಮಿನಿಯಂ ತುಂಬಿಸಿ ಕಂಪ್ರೆಷನ್ ಜಾಸ್ತಿ ಮಾಡಬಹುದಾ? ಮತ್ತೆ ಈಗ ಬಂಕ್‌ನಲ್ಲಿ ಸಿಗೋದು ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್, ಅದಕ್ಕೆ ಏನಾದರೂ ನೋಡ್ಕೋಬೇಕಾ?

ಆರ್ಗಾನ್_ಪೀಣ್ಯ

ಹೆಡ್ ಸುಲಭ, ಅದರಲ್ಲಿ ಲೈನರ್ ಕಾಟ ಇಲ್ಲ. ಇಂಗಾಲ ಪೂರ್ತಿ ತೆಗೆದು, ಪ್ಲಗ್ ಥ್ರೆಡ್‌ಗೆ ಹಳೇ ಪ್ಲಗ್ ಒಂದನ್ನು ಹಾಕಿಟ್ಟು, ಬಟ್ಟಲಿನ ಸುತ್ತ ಅಂಚಿನಿಂದ ತುಂಬಿಸಿಕೊಂಡು ಬನ್ನಿ. ಆಮೇಲೆ ಲೇಥ್‌ನಲ್ಲಿ ನಡುವೆ 35 ಮಿ.ಮೀ. ವ್ಯಾಸದ ಬಟ್ಟಲು, ಸುತ್ತ ಏಳೂವರೆ ಮಿ.ಮೀ. ಅಗಲದ ಸ್ಕ್ವಿಶ್ ಪಟ್ಟಿ (ಟಿಡಿಸಿಯಲ್ಲಿ ಪಿಸ್ಟನ್‌ಗೆ ತೀರಾ ಹತ್ತಿರ ಬರೋ ಭಾಗ), ಪಿಸ್ಟನ್ ಉಬ್ಬಿಗೆ ಹೊಂದೋ ಇಳಿಜಾರಿನಲ್ಲಿ. ಆಗ ಬೋರ್ ವಿಸ್ತೀರ್ಣದ ಅರ್ಧ ಸ್ಕ್ವಿಶ್ ಆಗುತ್ತೆ.

ಸ್ಕ್ವಿಶ್ ಸಂದು 0.9 ಇಡಿ. ದಪ್ಪ ಸೋಲ್ಡರ್ ತಂತಿಯನ್ನು ಪಿಸ್ಟನ್ ಮೇಲೆ ಗಜನ್ ಪಿನ್ (ಪಿಸ್ಟನ್ನನ್ನು ರಾಡ್‌ಗೆ ಸೇರಿಸೋ ಪಿನ್) ಗೆರೆಯಲ್ಲೇ ಎರಡೂ ಬದಿಗೆ ಇಟ್ಟು, ಹೆಡ್ ಬಿಗಿದು ತಿರುಗಿಸಿ, ಚಪ್ಪಟೆಯಾದ ತುದಿ ಅಳೆಯಿರಿ. ಒಂದೇ ಬದಿಗಿಟ್ಟರೆ ಪಿಸ್ಟನ್ ವಾಲಿ ತಪ್ಪು ಅಳತೆ ಬರುತ್ತೆ.

ಕಂಪ್ರೆಷನ್ ಲೆಕ್ಕವನ್ನು ಎಕ್ಸಾಸ್ಟ್ ಮುಚ್ಚಿದ ಮೇಲಿನ ಎತ್ತರಕ್ಕೆ ಹಾಕಿ. 26.85 ಮಿ.ಮೀ.ಗೆ 52.7 ಸಿಸಿ. 7ಕ್ಕೆ 1 ಬೇಕಾದರೆ 6ರಿಂದ ಭಾಗಿಸಿ: ಟಿಡಿಸಿಯಲ್ಲಿ ಉಳಿಯೋ ಜಾಗ 8.8 ಸಿಸಿ. ಬ್ಯುರೆಟ್‌ನಿಂದ ಪ್ಲಗ್ ತೂತಿನ ಬಾಯಿವರೆಗೂ ತುಂಬಿಸಿ ಅಳೆದರೆ, 12.7 ಉದ್ದದ ಥ್ರೆಡ್‌ಗೆ ಸುಮಾರು 1.7 ಸಿಸಿ ಕಳೀರಿ. ಗಾಳಿಯಿಂದ ತಣಿಯೋ ಎಂಜಿನ್‌ಗೆ ಮಾಮೂಲಿ ಪೆಟ್ರೋಲ್‌ನಲ್ಲಿ ಇದಕ್ಕಿಂತ ಜಾಸ್ತಿ ಹೋಗೋ ಆಸೆ ಬೇಡ.

2ಟಿ_ಮೈಸೂರು

ನಿಕಲ್ ರಾಡ್ ಮಾತು ವಾಪಸ್ ತಗೊಂಡೆ, ಕಾರಣ ಅರ್ಥ ಆಯ್ತು. ಇ20 ಬಗ್ಗೆ ನಾನು ಹೇಳ್ತೀನಿ. ಎಥನಾಲ್‌ಗೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು, ಅಂದರೆ ಹಳೇ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳ್ಳಗಾಗುತ್ತೆ. ಪೋರ್ಟಿಂಗ್ ಸೇರಿದರೆ ಇನ್ನೂ ತೆಳ್ಳಗೆ. ಮೇನ್ ಜೆಟ್ಟನ್ನು ಶೇ. 15ರಷ್ಟು ದೊಡ್ಡದರಿಂದ ಶುರು ಮಾಡಿ ಒಂದೊಂದೇ ಹಂತ ಇಳಿಸಿ, ಪ್ರತಿ ಸಲ ಫುಲ್ ಥ್ರಾಟಲ್‌ನಲ್ಲಿ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ಬಣ್ಣ ನೋಡಿ. ಚಿಕ್ಕ ಜೆಟ್ಟಿನಿಂದ ಮೇಲೆ ಹೋಗೋ ದಾರಿಯಲ್ಲಿ ಪಿಸ್ಟನ್ ಉಳಿಯಲ್ಲ. ಪ್ಲಗ್ ಒಂದು ಹಂತ ತಣ್ಣಗಿನದು. ಎನ್‌ಜಿಕೆಯಲ್ಲಿ 7 ಇದ್ದರೆ 8. ಪೆಟ್ರೋಲ್ ಟ್ಯಾಂಕ್‌ನಲ್ಲಿ ವಾರಗಟ್ಟಲೆ ಬಿಡಬೇಡಿ, ಎಥನಾಲ್ ನೀರು ಹೀರುತ್ತೆ. ಹಳೇ ಎಪಾಕ್ಸಿ ಏನಾದರೂ ಕ್ರ್ಯಾಂಕ್‌ಕೇಸ್ ಬಾಯಿಯಲ್ಲೂ ಹಾಕಿದ್ದರೆ ಈಗಲೇ ಕೆತ್ತಿ ತೆಗೀರಿ, ಮೆತ್ತಗಾಗಿ ಕಿತ್ತು ಬಂದರೆ ನೇರ ಬೇರಿಂಗ್‌ಗೆ ಹೋಗುತ್ತೆ.

ರೇಸ್‌ಗೆ ಆಯಿಲ್ ಪಂಪ್ ನಂಬಬೇಡಿ. ಲೀಟರಿಗೆ 40 ಮಿ.ಲೀ. ನೇರವಾಗಿ ಬೆರೆಸಿ.

ಲೇಥ್‌ಮನೆ

ಚೇಂಬರ್ ಉದ್ದಕ್ಕೆ ಒಂದು ಆರಂಭದ ಲೆಕ್ಕ: ಎಕ್ಸಾಸ್ಟ್ ಡಿಗ್ರಿಯನ್ನು ಅನಿಲದಲ್ಲಿ ಶಬ್ದದ ವೇಗದಿಂದ ಗುಣಿಸಿ, ಆರ್‌ಪಿಎಂನ 12 ಪಟ್ಟಿನಿಂದ ಭಾಗಿಸಿ. ವೇಗ ಸೆಕೆಂಡಿಗೆ 510 ಮೀಟರ್ ಹಿಡಿದರೆ 186ಕ್ಕೆ 9000ದಲ್ಲಿ 88 ಸೆಂ.ಮೀ., 8500ರಲ್ಲಿ 93 ಸೆಂ.ಮೀ. ಇದು ಪಿಸ್ಟನ್ ಮುಖದಿಂದ ಹಿಂದಿನ ಕೋನ್‌ನ ನಡುಭಾಗದವರೆಗೆ. ತಿರುವು ಜಾಸ್ತಿ ಇದ್ದರೆ 93 ಕಟ್ಟಿಸಿ. ಆಮೇಲೆ ಹೆಡರ್‌ನಲ್ಲಿ (ಚೇಂಬರ್‌ನ ಮುಂದಿನ ಪೈಪ್) ಒಂದೊಂದು ಸೆಂ.ಮೀ. ಕತ್ತರಿಸಬಹುದು. ಕಂಪನಿ ಸೈಲೆನ್ಸರ್ ಇಟ್ಟುಕೊಂಡರೆ ಈ ಪೋರ್ಟಿಂಗ್ ಸುಮ್ಮನೆ. ಚೇಂಬರ್ ಹಾಕಿದ ಗಾಡಿ ಟ್ರ್ಯಾಕ್‌ಗೆ ಮಾತ್ರ, ಟ್ರೈಲರ್‌ನಲ್ಲಿ ತಗೊಂಡು ಹೋಗಿ.

ಸ್ಟಾರ್ಟ್ ಮಾಡುವ ಮೊದಲು ಒತ್ತಡ ಪರೀಕ್ಷೆ ಮಾಡಲೇಬೇಕು. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಮತ್ತು ಪ್ಲೇಟ್‌ನಲ್ಲಿ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿಸಿ, 6 ನಿಮಿಷ ನೋಡಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಬೇಗ ಇಳಿದರೆ ಸೋಪ್ ನೀರು ಹಚ್ಚಿ ಹುಡುಕಿ: ಮೊದಲು ವೆಲ್ಡ್ ಜಾಗ, ಆಮೇಲೆ ಬುಡದ ಗ್ಯಾಸ್ಕೆಟ್, ಆಮೇಲೆ ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್. ಗೇರ್‌ಬಾಕ್ಸ್ ಕಡೆಯ ಸೀಲ್ ಸೋರಿದರೆ ಗುಳ್ಳೆ ಹೊರಗೆ ಕಾಣುವುದಿಲ್ಲ, ಗೇರ್‌ಬಾಕ್ಸ್‌ನ ಬ್ರೀದರ್‌ನಲ್ಲಿ ಗಾಳಿ ಬರುತ್ತದೆ. ವೆಲ್ಡ್‌ನಲ್ಲಿ ಸೂಜಿಮೊನೆ ರಂಧ್ರ ಇದ್ದರೂ ಆ ಕಡೆಯ ಟ್ರಾನ್ಸ್‌ಫರ್ ಗಾಳಿ ಎಳೆದು ಪಿಸ್ಟನ್ ಎಕ್ಸಾಸ್ಟ್ ಬದಿ ಗೀರುತ್ತದೆ. ಮುಂದೆ ಬಿಚ್ಚಿದಾಗ ಗೀರು ನಾಲ್ಕು ಮೂಲೆಯಲ್ಲೂ ಇದ್ದರೆ ಕ್ಲಿಯರೆನ್ಸ್ ಬಿಗಿ ಅಥವಾ ತಣ್ಣಗಿರುವಾಗಲೇ ಎಳೆದದ್ದು. ಬರೀ ಎಕ್ಸಾಸ್ಟ್ ಬದಿ ಇದ್ದರೆ ತೆಳು ಮಿಶ್ರಣ. ಪಿಸ್ಟನ್ ಅಂಚಿನಲ್ಲಿ ಇರುವೆ ಕಚ್ಚಿದಂತೆ ಚುಕ್ಕೆ ಇದ್ದರೆ ಡಿಟೊನೇಷನ್ (ಮಿಶ್ರಣ ತಾನಾಗಿ ಸಿಡಿಯುವುದು), ಆಗ ಟೈಮಿಂಗ್ ಹಿಂದೆ ಸರಿಸಿ ಅಥವಾ ಬಟ್ಟಲನ್ನು ಅರ್ಧ ಸಿಸಿ ದೊಡ್ಡದು ಮಾಡಿ.

ಪಿಸ್ಟನ್ ಕ್ಲಿಯರೆನ್ಸ್ 0.05. ಬೋರ್ ಗೇಜ್‌ನಲ್ಲಿ ಮೂರು ಎತ್ತರದಲ್ಲಿ, ಎರಡು ದಿಕ್ಕಿನಲ್ಲಿ ಅಳೆದು ಆರೂ ಅಂಕಿ ಬರೆದು ಕೊಡುವ ಬೋರಿಂಗ್ ಅಂಗಡಿಗೇ ಕೊಡಿ. ಹೆಡ್ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿದು, ಮೊದಲ ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಟಾರ್ಕ್ ನೋಡಿ.